ಕ ಅಂದರೆ ಕರ್ಟನ್

ಕ್ಯಾಮೆರಾ ರಿಪೇರಿ ಮಾಡುವ ಚಿಮಟನನ್ನು ‘ಗುರುಗಳೇ’ ಎಂದು ಕರೆಯುವವರು ಹುಟ್ಟಿಕೊಂಡದ್ದು ಅವನಿಗೆ ಅರವತ್ತೊಂಬತ್ತು ತುಂಬಿದ ಮೇಲೆ. ಅಲ್ಲಿಯ ತನಕ ಅವನು ಬರೀ ಚಿಮಟ. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಸದಾ ಒಂದು ಚಿಮಟ ಸಿಕ್ಕಿಸಿಕೊಂಡಿರುತ್ತಿದ್ದನಲ್ಲ, ಅದರಿಂದ ಅಂಟಿದ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಇನ್ನೆಲ್ಲೂ ಕಾಣುತ್ತಿರಲಿಲ್ಲ.

ಅವನ ಅಂಗಡಿ ಎಂದರೆ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಗಿರಾಕಿ ಒಳಗೆ ಬರಬೇಕೆಂದರೆ ಚಿಮಟ ಹೊರಗೆ ಹೋಗಬೇಕು, ಅಷ್ಟು ವಿಶಾಲ! ತಲೆ ಎತ್ತಿದರೆ ಮೆಟ್ಟಿಲಿಗೆ ಬಡಿಯುತ್ತಿತ್ತು. ಹಾಗಾಗಿ ನಲವತ್ತು ವರ್ಷ ತಗ್ಗಿಸಿದ ತಲೆ ಕೊನೆಗೆ ಬೀದಿಯಲ್ಲೂ ಎತ್ತುವುದನ್ನು ಮರೆತುಬಿಟ್ಟಿತ್ತು. ಮೇಜಿನ ಮೇಲೆ ಕುತ್ತಿಗೆ ಬಾಗಿಸಿದ ಒಂದು ದೀಪ, ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಒಂದು ಭೂತಗನ್ನಡಿ, ಸ್ಕ್ರೂ ಹಾಕಿಡಲು ಮೊಟ್ಟೆಯ ಟ್ರೇ. ಜೊತೆಗೆ ಒಂದು ಉದ್ದನೆಯ ರಿಜಿಸ್ಟರು.

ಈ ಎಲ್ಲ ರಗಳೆಗೂ ಆ ರಿಜಿಸ್ಟರೇ ಮೂಲ, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವ ಕ್ಯಾಮೆರಾ ರಿಪೇರಿಗೆ ಬಂದರೂ ಚಿಮಟ ಅದರ ಹೆಸರು ಬರೆದು, ಪಕ್ಕದಲ್ಲಿ ಅದರ ರೋಗವನ್ನು ಒಂದೇ ಅಕ್ಷರದಲ್ಲಿ ಗುರುತು ಹಾಕುತ್ತಿದ್ದ. ಲೆನ್ಸಿನೊಳಗೆ ಬೂಷ್ಟು ಹಿಡಿದಿದ್ದರೆ ‘ಬ’. ಎಣ್ಣೆ ಒಣಗಿ ಗಟ್ಟಿಯಾಗಿದ್ದರೆ ‘ಎ’. ಕರ್ಟನ್ ಹೋಗಿದ್ದರೆ ‘ಕ’. ಕರ್ಟನ್ ಅಂದರೆ ಫಿಲ್ಮಿನ ಮುಂದೆ ಪರದೆಯ ಹಾಗೆ ಸರಿದು ಬೆಳಕು ಬಿಡುವ ಕಪ್ಪು ಬಟ್ಟೆ. ಹಳೇ ಭಾರದ ಕ್ಯಾಮೆರಾಗಳಲ್ಲಿ ಅದು ವಯಸ್ಸಾದ ಹಾಗೆ ಬಿರುಕು ಬಿಟ್ಟು ತೂತಾಗುತ್ತದೆ. ಅದನ್ನು ಬದಲಾಯಿಸುವುದು ಬೆನ್ನು ಮುರಿಯುವ ಕೆಲಸ. ಅದಕ್ಕೇ ಚಿಮಟ ‘ಕ’ ಬರೆದಾಗಲೆಲ್ಲ ಅದರ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕುತ್ತಿದ್ದ. ಹುಷಾರು, ಎರಡು ದಿನ ಹಾಳು ಎಂದು ತನಗೆ ತಾನೇ ಕೊಟ್ಟುಕೊಂಡ ಎಚ್ಚರಿಕೆ ಅದು.

ಇತ್ತ ಊರಿನಲ್ಲಿ ಫಿಲ್ಮು ಸತ್ತು ಎಷ್ಟೋ ಕಾಲವಾದ ಮೇಲೆ ಹಳೇ ಕ್ಯಾಮೆರಾ ಹುಚ್ಚಿನವರ ಒಂದು ಕೂಟ ಹುಟ್ಟಿಕೊಂಡಿತು. ಪ್ರತಿ ಭಾನುವಾರ ಬೆಳಿಗ್ಗೆ ಲೈಬ್ರರಿಯ ಮಹಡಿಯ ಕೋಣೆಯಲ್ಲಿ ಹನ್ನೆರಡು ಹದಿಮೂರು ಜನ ಸೇರುತ್ತಿದ್ದರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ವಾರವಿಡೀ ಬೇರೆಯವರ ಬಾಯಿ ತೆರೆಸುವ ಅವರು ಭಾನುವಾರ ತಮ್ಮದನ್ನು ತೆರೆದರೆ ಮುಚ್ಚುತ್ತಿರಲಿಲ್ಲ. ಕೂಟದ ಮುಂದಿದ್ದ ಪ್ರಶ್ನೆ ಒಂದೇ: ಯಾವುದು ಕ್ಲಾಸಿಕ್, ಯಾವುದು ಅಲ್ಲ? ಇಟ್ಟುಕೊಂಡವನಿಗಿಂತ ಕ್ಯಾಮೆರಾಗೆ ಹೆಚ್ಚು ವಯಸ್ಸಾಗಿದ್ದರೆ ಕ್ಲಾಸಿಕ್ ಎಂದರು ಒಬ್ಬರು. ಹಾಗಾದರೆ ತಾತನ ಕೈಯಲ್ಲಿ ಕ್ಲಾಸಿಕ್ ಅಲ್ಲದ್ದು ಮೊಮ್ಮಗಳ ಕೈಗೆ ಬಂದ ಕೂಡಲೇ ಆಗಿಬಿಡುತ್ತದೋ ಎಂದು ಇನ್ನೊಬ್ಬರು ಮೂಗು ಮುರಿದರು. ಎತ್ತಿ ಹೊಡೆದರೆ ತಲೆ ಒಡೆಯುವಂತಿರಬೇಕು, ಅದು ಕ್ಲಾಸಿಕ್ ಎಂದರು ನಿವೃತ್ತ ರೈಲು ಡ್ರೈವರು. ಬ್ಯಾಟರಿ ಬೇಕಾದದ್ದೆಲ್ಲ ಟಾರ್ಚಿನ ಬಳಗ ಎಂದರು ಮತ್ತೊಬ್ಬರು. ಮೂರು ವರ್ಷ ಇದೇ ಜಗಳ. ಇಬ್ಬರು ಸ್ನೇಹಿತರು ಇದರಲ್ಲೇ ಮಾತು ಬಿಟ್ಟರು ಎಂದರೆ ನಂಬುತ್ತೀರಾ!

ಹೀಗಿರುವಾಗ ಡಾಕ್ಟರು ಒಂದು ದಿನ ಯಾವುದೋ ಲೆನ್ಸು ತೋರಿಸಲು ಚಿಮಟನ ಅಂಗಡಿಗೆ ಬಂದರು. ಬಗ್ಗಿ ನೋಡಿದವರಿಗೆ ರಿಜಿಸ್ಟರು ಕಂಡಿತು. ಓದಿ ಕೊಡುತ್ತೇನೆ ಎಂದು ಒಯ್ದರು. ಮೂರು ವಾರದ ಮೇಲೆ ಕೂಟದಲ್ಲಿ ಘೋಷಣೆಯಾಯಿತು. ನಲವತ್ತು ವರ್ಷ ಕ್ಯಾಮೆರಾಗಳ ಹೊಟ್ಟೆ ಬಗೆದು ನೋಡಿದ ಮನುಷ್ಯ, ಯಾರಿಗೂ ಹೇಳದೆ, ಯಾರನ್ನೂ ಮೆಚ್ಚಿಸಲು ಹೋಗದೆ, ಮೂವತ್ತೆಂಟೇ ಮೂವತ್ತೆಂಟು ಮಾದರಿಗಳ ಪಕ್ಕ ‘ಕ’ ಎಂದು ಬರೆದು ಕೆಂಪು ಸುತ್ತು ಹಾಕಿದ್ದಾರೆ. ಕ ಅಂದರೆ ಕ್ಲಾಸಿಕ್. ಇನ್ನು ಜಗಳ ಬೇಡ.

ಜಗಳ ನಿಂತಿತು. ಮಜಾ ಏನೆಂದರೆ ಪಟ್ಟಿ ಮುಕ್ಕಾಲು ಪಾಲು ಸರಿಯಾಗಿಯೇ ಕಾಣುತ್ತಿತ್ತು, ಯಾಕೆಂದರೆ ಹೆಸರು ಮಾಡಿದ ಹಳೇ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಬಟ್ಟೆಯ ಕರ್ಟನ್ನೇ. ಆದರೆ ನಡುವೆ ಒಂದು ದರಿದ್ರ ನಕಲಿ ಮಾಲೂ ಸೇರಿಕೊಂಡಿತ್ತು. ಅಂಗಡಿಯಿಂದ ಮನೆಗೆ ಒಯ್ಯುವಷ್ಟರಲ್ಲಿ ಕರ್ಟನ್ ಹರಿಯುವಂಥದ್ದು ಅದು. ಅದರ ಪಕ್ಕ ಒಂಬತ್ತು ಸಲ ಕೆಂಪು ಸುತ್ತು ಬಿದ್ದಿದ್ದರಿಂದ ಅದು ಪರಮ ಕ್ಲಾಸಿಕ್ ಆಗಿಹೋಯಿತು. ರೈಲು ಡ್ರೈವರು ಎಲ್ಲೆಲ್ಲೋ ಹುಡುಕಿಸಿ ಒಂದನ್ನು ತರಿಸಿಕೊಂಡರು, ಅದರೊಳಗೆ ಬೆಳಕು ಸೋರುವ ರೀತಿಯೇ ಬೇರೆ ಎಂದು ತಲೆದೂಗಿದರು.

ಚಿಮಟನಿಗೆ ಇದು ಗೊತ್ತಾದದ್ದು ಕೂಟದವರು ಅವನನ್ನು ಕರೆಸಿ, ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಚಪ್ಪಾಳೆ ತಟ್ಟಿದ ದಿನ. ಡಾಕ್ಟರು ಪಟ್ಟಿ ಓದುತ್ತಿದ್ದ ಹಾಗೆ ಅವನಿಗೆ ಹೊಳೆಯಿತು. ಅಯ್ಯೋ, ಇದು ನನ್ನ ರೋಗಿಗಳ ಪಟ್ಟಿಯಲ್ಲವೇ! ಆಗಲೇ ಬಾಯಿ ಬಿಟ್ಟಿದ್ದರೆ ನಾಲ್ಕು ಜನ ನಕ್ಕು ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಕೇಳುವವರು ತಾವೂ ನಲವತ್ತು ವರ್ಷ ಮೆಟ್ಟಿಲ ಕೆಳಗೆ ಕೂತು ನೋಡಲಿ. ತಲೆ ಎತ್ತಿದರೆ ಏನೂ ಬಡಿಯದ ಕೋಣೆ, ಎದುರಿಗೆ ಓದಿದವರು, ದೊಡ್ಡ ಕೆಲಸದಲ್ಲಿದ್ದವರು, ಅವರ ಬಾಯಲ್ಲಿ ‘ಗುರುಗಳೇ’. ಚಿಮಟ ಉಬ್ಬಿಹೋದ. ಮುಂದಿನ ಭಾನುವಾರವೂ ಹೋದ, ಅದರ ಮುಂದಿನದಕ್ಕೂ ಹೋದ. ರಿಜಿಸ್ಟರನ್ನು ಕೂಟಕ್ಕೇ ಬಿಟ್ಟುಕೊಟ್ಟು, ಅಂಗಡಿಗೆ ಹೊಸದೊಂದು ತಂದಿಟ್ಟುಕೊಂಡ. ಅಷ್ಟಕ್ಕೇ ಸುಮ್ಮನಿರದೆ, ಪಟ್ಟಿಯಲ್ಲಿಲ್ಲದ ಪ್ಲಾಸ್ಟಿಕ್ ಕ್ಯಾಮೆರಾಗಳಿಗೆ ‘ಸೋಪು ಡಬ್ಬಿ’ ಎಂದು ಹೆಸರಿಟ್ಟ. ಕೂಟ ಬಿದ್ದು ಬಿದ್ದು ನಕ್ಕಿತು. ಜನ ತಂದುಕೊಡುವ ಸೋಪು ಡಬ್ಬಿಗಳನ್ನು ಏನು ಮಾಡುವುದೆಂದು ಕೇಳಿದಾಗ ನಿಯಮ ಹೇಳಿದವನೂ ಅವನೇ. ಪಾಸಾಗದ್ದನ್ನು ಮೇಜಿನ ಕೆಳಗಿನ ನೀಲಿ ಬುಟ್ಟಿಗೆ ಹಾಕಿ, ಯಾರಿಗೆ ಯಾವ ಬಿಡಿಭಾಗ ಬೇಕೋ ಬಿಚ್ಚಿಕೊಳ್ಳಲಿ ಎಂದ.

ಚಿಮಟನ ಮನೆಯಲ್ಲೇ ಒಂದು ಸೋಪು ಡಬ್ಬಿ ಇತ್ತು. ಅದು ಅವನ ಅಕ್ಕನದು.

ಅಕ್ಕನಿಗೆ ಎಪ್ಪತ್ತನಾಲ್ಕು. ಚಿಮಟನ ಹೆಂಡತಿ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ, ಒಂದು ಕ್ಯಾಮೆರಾ ಹಿಡಿದು ಬಂದು ಮನೆ ಸಂಭಾಳಿಸಿದವಳು. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಊರಾಚೆಯ ನೂಲಿನ ಗಿರಣಿಯಲ್ಲಿ ಕೆಲಸಗಾರರ ಗುರುತಿನ ಚೀಟಿಗೆ ಫೋಟೊ ತೆಗೆಯುತ್ತಿದ್ದಳು. ಒಂದು ಸ್ಟೂಲು, ಒಂದು ಬಿಳಿ ಗೋಡೆ, ಒಂದು ಪ್ಲಾಸ್ಟಿಕ್ ಕ್ಯಾಮೆರಾ, ಇಷ್ಟೇ ಅವಳ ಸ್ಟುಡಿಯೊ. ನಗಿ ಎಂದು ಅವಳು ಯಾರಿಗೂ ಹೇಳಿದವಳಲ್ಲ. “ಉಸಿರು ಬಿಡಿ,” ಎನ್ನುತ್ತಿದ್ದಳು. ಬಿಟ್ಟ ಕೂಡಲೇ ಗುಂಡಿ ಒತ್ತುತ್ತಿದ್ದಳು. ಉಸಿರು ಹಿಡಿದ ಮುಖ ಪೊಲೀಸರಿಗೆ ಸಿಕ್ಕಿಬಿದ್ದವರ ಮುಖ, ಬಿಟ್ಟ ಮೇಲಿನದ್ದೇ ಅವರ ಸ್ವಂತದ್ದು ಎನ್ನುವುದು ಅವಳ ನಂಬಿಕೆ. ಗಿರಣಿ ಮುಚ್ಚಿ ಹಾಳುಬಿದ್ದಿದೆ. ಆದರೆ ಊರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಟ್ಟ ಅಪ್ಪಂದಿರ, ಅಮ್ಮಂದಿರ ಮುಖ ಇವತ್ತಿಗೂ ಆ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದೇ.

ಆ ಇಪ್ಪತ್ತೆರಡು ವರ್ಷದಲ್ಲಿ ಕ್ಯಾಮೆರಾ ಒಂದು ದಿನಕ್ಕೂ ಕೆಡಲಿಲ್ಲ. ಊರಿಗೆಲ್ಲ ರಿಪೇರಿ ಮಾಡುವವನು ಸ್ವಂತ ತಮ್ಮನೇ ಆಗಿದ್ದರೂ ಅಕ್ಕ ಅದನ್ನು ಒಮ್ಮೆಯೂ ಮೆಟ್ಟಿಲ ಕೆಳಗೆ ತರಬೇಕಾಗಿ ಬರಲಿಲ್ಲ. ಹಾಗಾಗಿ ರಿಜಿಸ್ಟರಿನಲ್ಲಿ ಅದರ ಹೆಸರೇ ಇರಲಿಲ್ಲ.

ಈಗ ಅಕ್ಕನ ಕಣ್ಣು ಹೋಗುತ್ತಿತ್ತು. ನೇರ ನೋಡಿದ್ದು ಕಾಣದು, ಅದರ ಪಕ್ಕದ್ದು ಕಾಣುತ್ತದೆ ಎನ್ನುವಂಥ ವಿಚಿತ್ರ ಕಾಯಿಲೆ. ಎದುರಿಗಿದ್ದವರ ಮುಖ ಕಾಣಬೇಕೆಂದರೆ ಅವಳು ಅವರ ಕಿವಿಯ ಕಡೆ ನೋಡಬೇಕಿತ್ತು. ಇನ್ನು ಕೆಲವು ತಿಂಗಳಲ್ಲಿ ಅದೂ ಇರುವುದಿಲ್ಲ ಎಂದು ಕಣ್ಣಿನ ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಷ್ಟರಲ್ಲಿ ಲೈಬ್ರರಿಯ ಕೆಳಗಿನ ಹಜಾರದಲ್ಲಿ ಗಾಜಿನ ಕಪಾಟು ಮಾಡಿಸಿ ಹಳೇ ಕ್ಯಾಮೆರಾಗಳನ್ನು ಇಡುತ್ತಾರಂತೆ ಎಂಬ ಸುದ್ದಿ ಅವಳ ಕಿವಿಗೂ ಬಿತ್ತು. ತಮ್ಮನ ಹತ್ತಿರ ಎಂದೂ ಏನನ್ನೂ ಕೇಳದವಳು ಒಂದು ಸಂಜೆ ಕೇಳಿದಳು.

“ಅದರಲ್ಲಿ ನಂದೂ ಒಂದು ಇಡ್ತಾರೇನೋ? ಕಣ್ಣು ಪೂರ್ತಿ ಹೋಗೋದ್ರೊಳಗೆ ಗಾಜಿನ ಹಿಂದೆ ಅದನ್ನ ಒಂದು ಸಲ ನೋಡ್ಬೇಕು ಅನ್ಸಿದೆ.”

“ಅದಕ್ಕೇನಂತೆ ಅಕ್ಕ, ಅಲ್ಲಿ ನನ್ನ ಮಾತೇ ಕೊನೇ ಮಾತು,” ಎಂದುಬಿಟ್ಟ ಚಿಮಟ. ನಾಲಿಗೆ ಜಾರಿದ್ದಲ್ಲ. ಆ ಹೊತ್ತಿಗೆ ಅವನು ಅದನ್ನು ನಂಬಿದ್ದ.

ಶನಿವಾರ ಅಕ್ಕ ಕ್ಯಾಮೆರಾವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಬೆರಳಿನಿಂದ ತಡವಿ ತಡವಿ ಹೊಸ ಬ್ಯಾಟರಿ ಹಾಕಿದಳು. ಅವರು ಗುಂಡಿ ಒತ್ತಿ ನೋಡಿದರೆ ಸತ್ತ ಹಾಗೆ ಬಿದ್ದಿರಬಾರದಲ್ಲ ಎಂದಳು. ಗಿರಣಿಯಲ್ಲಿ ಜೊತೆಗಿದ್ದ ಇಬ್ಬರು ಹೆಂಗಸರಿಗೆ ತಮ್ಮನ ಕೈಲಿ ನಂಬರು ಒತ್ತಿಸಿಕೊಂಡು ಫೋನ್ ಮಾಡಿ, ಮುಂದಿನ ಭಾನುವಾರ ಕಪಾಟು ತೆರೆಯುತ್ತಾರೆ, ಬನ್ನಿ, ನಿಮ್ಮನ್ನೆಲ್ಲ ಕೂರಿಸಿ ಫೋಟೊ ತೆಗೆದ ಕ್ಯಾಮೆರಾವನ್ನು ನೋಡೋಣ ಎಂದು ಹೇಳಿಯೂ ಆಯಿತು.

ಭಾನುವಾರ ಚಿಮಟ ಕೂಟದ ಮೇಜಿನ ಮೇಲೆ ಆ ಕ್ಯಾಮೆರಾ ಇಟ್ಟು, ಗಿರಣಿಯ ಕಥೆ ಹೇಳಿ, ಇದಕ್ಕೂ ಒಂದು ಜಾಗ ಕೊಡಿ ಎಂದ. ಕೂಟ ಮುಖ ಮುಖ ನೋಡಿಕೊಂಡಿತು. ಸೋಪು ಡಬ್ಬಿ ಎಂದವರು ತಾವೇ ಅಲ್ಲವೇ ಗುರುಗಳೇ ಎಂದು ಒಬ್ಬರು ಬಹಳ ವಿನಯದಿಂದ ಕೇಳಿದರು. ರಿಜಿಸ್ಟರಿನಲ್ಲಿ ಹೆಸರಿದೆಯಾ ಎಂದು ಇನ್ನೊಬ್ಬರು ಪಟ್ಟಿ ತಿರುವಿದರು. ಇಲ್ಲ. ಇಂದು ಇದನ್ನು ಬಿಟ್ಟುಕೊಂಡರೆ ನಾಳೆ ಪ್ರತಿಯೊಬ್ಬರೂ ಅವರವರ ಚಿಕ್ಕಮ್ಮನ ಡಬ್ಬಿ ತರುತ್ತಾರೆ ಎಂದರು ಮತ್ತೊಬ್ಬರು. ಬೇರೆ ದಾರಿ ಕಾಣದೆ ಚಿಮಟ ಎದ್ದು ನಿಂತ. ಎಂಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಹೊರಗೆ ಬಂತು.

“ನೋಡಿ, ಕ ಅಂದ್ರೆ ಕ್ಲಾಸಿಕ್ ಅಲ್ಲ. ಕ ಅಂದ್ರೆ ಕರ್ಟನ್. ಕರ್ಟನ್ ಹೋದದ್ದು. ನೀವು ಹಿಡ್ಕೊಂಡಿರೋದು ಕೆಟ್ಟುಹೋದವುಗಳ ಪಟ್ಟಿ.”

ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಒಬ್ಬರಂತೂ ಕಣ್ಣು ಒರೆಸಿಕೊಂಡರು. ದೊಡ್ಡವರು ತಮ್ಮ ಕೆಲಸವನ್ನು ತಾವೇ ಹೀಗೆ ಹಗುರ ಮಾಡಿ ಮಾತಾಡುತ್ತಾರೆ ಎಂದರು. ಚಿಮಟ ಬ ಅಂದರೆ ಬೂಷ್ಟು, ಎ ಅಂದರೆ ಎಣ್ಣೆ ಎಂದು ಬಿಡಿಸಿ ಬಿಡಿಸಿ ಹೇಳಿದ. ಹೇಳಿದಷ್ಟೂ ನಗು ಹೆಚ್ಚಾಯಿತು. ಸುಳ್ಳಿಗೆ ಚಪ್ಪಾಳೆ ತಟ್ಟಿದವರು ನಿಜಕ್ಕೂ ಚಪ್ಪಾಳೆಯನ್ನೇ ತಟ್ಟಿದರು.

ನಗದೆ ಇದ್ದವರು ಡಾಕ್ಟರು ಒಬ್ಬರೇ. ಅವನನ್ನು ಕಿಟಕಿಯ ಹತ್ತಿರ ಕರೆದೊಯ್ದರು.

“ಗುರುಗಳೇ, ನೀವು ಹೇಳ್ತಿರೋದು ನಿಜಾನೇ ಇರಬಹುದು,” ಎಂದರು ಮೆಲ್ಲಗೆ. “ಆದ್ರೆ ಪಟ್ಟಿ ಹನ್ನೊಂದು ಊರಿನ ಕೂಟಗಳಿಗೆ ಹೋಗಿದೆ. ಕಪಾಟಿನ ಚೀಟಿಗಳು ಅಚ್ಚಾಗಿವೆ. ಈಗ ಕ ಅಂದ್ರೆ ಕ್ಲಾಸಿಕ್ಕೇ. ಅದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಬೇಕಾದ್ರೆ ನಿಮ್ಮ ಅಕ್ಕನಿಗೆ ನಾನೇ ಬಂದು ಹೇಳ್ಲಾ?”

ಬೇಡ ಎಂದ ಚಿಮಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಆ ಮನುಷ್ಯ ಒಳ್ಳೆಯ ಮಾತು ಆಡಿ ಕೈ ಕಟ್ಟಿಹಾಕಿಬಿಟ್ಟರು. ಕ್ಯಾಮೆರಾ ಕೈಯಲ್ಲಿ ಹಿಡಿದು ಮನೆಗೆ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಅಕ್ಕನ ಕಣ್ಣು ಹೋಗುತ್ತಿರಬಹುದು, ಕಿವಿಯಲ್ಲ. ಅದನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿದ ಕೂಡಲೇ ಅವಳಿಗೆ ಎಲ್ಲ ತಿಳಿಯುತ್ತದೆ. ಅದಕ್ಕೇ ಅಲ್ಲೇ ಬಿಟ್ಟು ಬಂದ. ಇಟ್ಟುಕೊಂಡಿದ್ದಾರೆ ಅಕ್ಕ, ನೋಡುತ್ತಿದ್ದಾರೆ ಎಂದ. ಹೌದಾ ಎಂದು ಅವಳು ಅವನ ಕಿವಿಯ ಕಡೆ ನೋಡಿ ನಕ್ಕಳು.

ಮೂರು ದಿನ ತಲೆ ಕೆರೆದುಕೊಂಡ ಮೇಲೆ ಅವನಿಗೆ ಹೊಳೆದದ್ದು ಒಂದೇ ಉಪಾಯ. ಹಳೇ ರಿಜಿಸ್ಟರಿನ ಯಾವುದೋ ಖಾಲಿ ಸಾಲಿನಲ್ಲಿ ಅಕ್ಕನ ಕ್ಯಾಮೆರಾದ ಹೆಸರು ತುರುಕಿ, ಪಕ್ಕ ಒಂದು ‘ಕ’ ಬರೆದು ಕೆಂಪು ಸುತ್ತು ಹಾಕುವುದು. ಅದಕ್ಕೆ ಬಟ್ಟೆಯ ಕರ್ಟನ್ನೇ ಇಲ್ಲ. ಇಪ್ಪತ್ತೆರಡು ವರ್ಷ ಒಂದು ದಿನ ರಜೆ ಹಾಕದ ಯಂತ್ರದ ಮೇಲೆ ಇಲ್ಲದ ರೋಗ ಹೊರಿಸಬೇಕು. ಹೊರಿಸಿದರಾಯಿತು, ಯಾರಪ್ಪನ ಗಂಟೇನು ಹೋಗುತ್ತದೆ ಎಂದುಕೊಂಡು ಗುರುವಾರ ಮಧ್ಯಾಹ್ನ ಜೇಬಿನಲ್ಲಿ ಕೆಂಪು ಪೆನ್ನಿಟ್ಟುಕೊಂಡು ಲೈಬ್ರರಿಗೆ ಹೋದ.

ಕೆಳಗಿನ ಹಜಾರದಲ್ಲಿ ಕಪಾಟು ಸಿದ್ಧವಾಗಿ ನಿಂತಿತ್ತು. ನಟ್ಟನಡುವಿನ ಅಂಕಣದಲ್ಲಿ, ಒಂದು ಪುಟ್ಟ ದೀಪದ ಕೆಳಗೆ, ತೆರೆದಿಟ್ಟ ಅವನ ರಿಜಿಸ್ಟರು. ಮುಂದೆ ಗಾಜು, ಗಾಜಿಗೆ ನಾಲ್ಕು ಮೂಲೆಯಲ್ಲೂ ಸ್ಕ್ರೂ. ಕಸ ಗುಡಿಸುವ ಹೆಂಗಸು ಬಂದು, ಅದನ್ನು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದಾರೆ, ಅದೀಗ ದಾಖಲೆಯಂತೆ ಎಂದಳು. ಆಯುಷ್ಯವೆಲ್ಲ ಸ್ಕ್ರೂ ಬಿಚ್ಚಿದವನು ತನ್ನ ಸ್ವಂತ ಪುಸ್ತಕದ ಮುಂದೆ ಪೆನ್ನು ಹಿಡಿದುಕೊಂಡು ನಿಂತ. ಕನಿಷ್ಠ ಕ್ಯಾಮೆರಾವನ್ನಾದರೂ ಮನೆಗೆ ಒಯ್ಯೋಣವೆಂದು ಮಹಡಿ ಹತ್ತಿದ. ಮೇಜು ಖಾಲಿ.

“ಮೇಜಿನ ಮೇಲೆ ಬಿಟ್ಟದ್ದಾ? ಬುಟ್ಟಿಗೆ ಹಾಕ್ದೆ,” ಎಂದಳು ಅವಳು. “ಹಾಗೇ ಮಾಡ್ಬೇಕು ಅಂತ ನೀವೇ ಅಲ್ವಾ ಹೇಳಿದ್ದು?”

ನೀಲಿ ಬುಟ್ಟಿಯೊಳಗೆ ಅಕ್ಕನ ಕ್ಯಾಮೆರಾ ಎರಡು ಹೋಳಾಗಿ ಬಿದ್ದಿತ್ತು. ಆಗಿದ್ದನ್ನು ಅವಳೇ ಹೇಳಿದಳು. ಭಾನುವಾರದ ಕೂಟಕ್ಕೆ ಬರದೆ ಮಗಳ ಮನೆಗೆ ಹೋಗಿದ್ದ ರೈಲು ಡ್ರೈವರು ಮಂಗಳವಾರ ಬಂದಿದ್ದರು. ಕಪಾಟಿಗೆ ಹೋಗಬೇಕಾದ ಅವರ ನಕಲಿ ಮಾಲಿಗೆ, ಕಣ್ಣಿಟ್ಟು ನೋಡುವ ಕಿಂಡಿಯ ಗಾಜು ಬೇಕಿತ್ತಂತೆ. ಬುಟ್ಟಿಯಲ್ಲಿ ಕೈಯಾಡಿಸಿ ಇದನ್ನು ತೆಗೆದರು. ಗುಂಡಿ ಒತ್ತಿದರೆ ಹತ್ತಿಕೊಂಡಿತು. ಪಾಪದ ಪ್ರಾಣಿ ಇನ್ನೂ ಬದುಕಿದೆ ಎಂದು ನಗುತ್ತಲೇ ಮುಚ್ಚಳ ಬಿಚ್ಚಿ ಸ್ಕ್ರೂಡ್ರೈವರ್ ತೂರಿಸಿದರು. ಹೊಸ ಬ್ಯಾಟರಿಯಿಂದ ಫ್ಲ್ಯಾಷಿನಲ್ಲಿ ತುಂಬಿಕೊಂಡಿದ್ದ ಕರೆಂಟು ಅವರ ಕೈಗೆ ರಪ್ಪನೆ ಹೊಡೆಯಿತು. ಕೈ ಕೊಡವಿದ್ದಕ್ಕೆ ಕ್ಯಾಮೆರಾ ಕಲ್ಲಿನ ನೆಲಕ್ಕೆ ಬಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಮನೆಗೆ ಹೋದರಂತೆ.

ಯಾರನ್ನು ಬೈಯುವುದು? ಡ್ರೈವರಿಗೆ ಅದು ಯಾರದೆಂದು ಗೊತ್ತಿರಲಿಲ್ಲ. ಗುಡಿಸುವವಳು ಹೇಳಿದ ಹಾಗೆ ಮಾಡಿದ್ದಳು. ಬ್ಯಾಟರಿ ಹಾಕಿದವಳು ಅಕ್ಕ. ಬೈಯಬೇಕಾದವನು ಒಬ್ಬನಿದ್ದ, ಅವನು ಹೋಳುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೆಟ್ಟಿಲ ಕೆಳಗೆ ಬಂದು ಕೂತ.

ಗುರುವಾರ, ಶುಕ್ರವಾರ, ಶನಿವಾರ ಕೂಡ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅದರ ಮೇಲೇ ಬಗ್ಗಿದ್ದ. ಲೋಹವಾಗಿದ್ದರೆ ಬೆಸೆಯಬಹುದಿತ್ತು. ಬಟ್ಟೆಯ ಕರ್ಟನ್ ಆಗಿದ್ದರೆ ಹೊಸದು ಕತ್ತರಿಸಿ ಅಂಟಿಸಬಹುದಿತ್ತು. ಇದರಲ್ಲಿ ಹರಿದದ್ದು ಕಾಗದಕ್ಕಿಂತ ತೆಳ್ಳಗಿನ ತಂತಿಪಟ್ಟಿ, ಮುರಿದದ್ದು ಉಗುರಿನಷ್ಟು ಪ್ಲಾಸ್ಟಿಕ್ ಕೊಂಡಿಗಳು. ಒಂದು ಕಡೆ ಅಂಟಿಸಿದರೆ ಇನ್ನೊಂದು ಕಡೆ ಬಿರುಕು ಬಿಡುತ್ತಿತ್ತು. ಮೂವತ್ತೆಂಟು ಕ್ಲಾಸಿಕ್‌ಗಳನ್ನು ಎಬ್ಬಿಸಿ ನಿಲ್ಲಿಸಿದ ಬೆರಳುಗಳಿಗೆ ಒಂದು ಸೋಪು ಡಬ್ಬಿ ಸೊಪ್ಪು ಹಾಕಲಿಲ್ಲ. ಶನಿವಾರ ಸಂಜೆ ಹೊರಗಿನಿಂದ ನೋಡಲು ಒಂದಾಗಿ ಕಾಣುವ ಹಾಗೆ ಅಂಟಿಸಿ, ಮನೆಗೆ ತಂದು ಅಕ್ಕನ ಕೈಗೆ ಕೊಟ್ಟ.

ಅಕ್ಕ ಎರಡೂ ಕೈಯಲ್ಲಿ ಹಿಡಿದು ಸುತ್ತ ತಡವಿದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಏನೋ ಗಿಲಕ್ ಎಂದಿತು. ಗುಂಡಿ ಒತ್ತಿದಳು, ಸುಮ್ಮನೆ ಕಾದಳು, ಇನ್ನೊಮ್ಮೆ ಒತ್ತಿದಳು. ಅವಳು ಏನೂ ಕೇಳದೆ ಇದ್ದದ್ದರಿಂದಲೇ ಚಿಮಟ ಎಲ್ಲ ಹೇಳಿದ. ‘ಕ’ದಿಂದ ಹಿಡಿದು ನೀಲಿ ಬುಟ್ಟಿಯ ತನಕ, ಚಪ್ಪಾಳೆಗೆ ಉಬ್ಬಿದ್ದು, ಸೋಪು ಡಬ್ಬಿ ಎಂದದ್ದು, ಒಂದನ್ನೂ ಬಿಡಲಿಲ್ಲ. ಅವಳು ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

ಆಮೇಲೆ ಫೋನ್ ತರಿಸಿದಳು. ಆ ಇಬ್ಬರ ನಂಬರು ಒತ್ತಿಕೊಡು, ನಾಳೆ ಬರುವುದು ಬೇಡ ಎನ್ನುತ್ತೇನೆ ಎಂದಳು. ಚಿಮಟ ಒತ್ತಿಕೊಟ್ಟ. ಇಬ್ಬರಿಗೂ ಅವಳು ಒಂದೇ ಮಾತು ಹೇಳಿದಳು.

“ಕ್ಯಾಮೆರಾ ಸ್ವಲ್ಪ ತೊಂದ್ರೆ ಕೊಡ್ತಿದೆ ಕಣೇ. ತಮ್ಮನ ಹತ್ರ ರಿಪೇರಿಗೆ ಕೊಟ್ಟಿದೀನಿ. ಅವನು ಮಾಡಿಕೊಡ್ತಾನೆ.”

ಫೋನ್ ಇಟ್ಟು, ಹೊಸ ರಿಜಿಸ್ಟರು ಎಲ್ಲಿದೆ ಎಂದು ಕೇಳಿದಳು. ಅವನ ಚೀಲದಲ್ಲೇ ಇತ್ತು.

“ನಿನ್ನ ಪಟ್ಟಿಗೆ ಸೇರ್ಬೇಕು ಅಂದ್ರೆ ಕೆಡ್ಬೇಕಿತ್ತು, ಅಷ್ಟೇ ತಾನೆ? ಈಗ ಕೆಟ್ಟಿದೆಯಲ್ಲ. ಬರ್ಕೋ.”

ಚಿಮಟ ತೆರೆದ. ಮೊದಲ ಸಲ ಆ ಕ್ಯಾಮೆರಾದ ಹೆಸರು ಬರೆದ. ರೋಗದ ಜಾಗಕ್ಕೆ ಬಂದು ಪೆನ್ನು ನಿಂತಿತು. ಬೂಷ್ಟು ಇಲ್ಲ. ಎಣ್ಣೆ ಒಣಗಿಲ್ಲ. ಕರ್ಟನ್ನಂತೂ ಅದಕ್ಕೆ ಹುಟ್ಟಿನಿಂದಲೇ ಇಲ್ಲ.

“ಯಾವ ಅಕ್ಷರ ಹಾಕ್ದೆ?”

“ಇದಕ್ಕೆ ನನ್ನ ಹತ್ರ ಅಕ್ಷರ ಇಲ್ಲ ಅಕ್ಕ.”

ಅಕ್ಕ ಮುಖ ತಿರುಗಿಸಿ ಅವನ ಕಿವಿಯ ಕಡೆ ನೋಡಿದಳು, ಮುಖ ಕಾಣಲಿ ಎಂದು. ತುಂಬ ಹೊತ್ತು ನೋಡಿದಳು.

“ಉಸಿರು ಬಿಡೋ,” ಎಂದಳು.

ಚಿಮಟ ಬಿಡಲು ನೋಡಿದ. ಆಗಲಿಲ್ಲ.